ಥರ್ಮಾಕೋಲ್ ಗ್ರಹಗಳೂ, ಐದು ಅಕ್ಷರಗಳೂ

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಹತ್ತೂವರೆಗೆ ಅಕ್ಕನ ಫೋನು. "ಲೋ, ಮಲಗಿಬಿಟ್ಯೇನೋ? ನಾಳೆ ಇವನ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಡ್ಬೇಕಂತೆ. ಸೋಲಾರ್ ಸಿಸ್ಟಮ್ಮು. ಸ್ವಲ್ಪ ಬಾರೋ."

ಅಕ್ಕನ ಮನೆ ಎರಡು ಕ್ರಾಸ್ ಆಚೆ. ಹೋಗಿ ನೋಡಿದ್ರೆ ಭಾವ ನೆಲದ ಮೇಲೆ ಕೂತು ಥರ್ಮಾಕೋಲ್ ಉಂಡೆಗಳಿಗೆ ಬಣ್ಣ ಬಳೀತಾ ಇದ್ರು. ಅಕ್ಕ ಗೋಂದು ಹಿಡ್ಕೊಂಡು ಶನಿಗ್ರಹಕ್ಕೆ ಬಳೆ ತೊಡಿಸ್ತಾ ಇದ್ಳು. ಪ್ರಾಜೆಕ್ಟಿನ ಯಜಮಾನ, ಅಂದ್ರೆ ಎರಡನೇ ಕ್ಲಾಸಿನ ನಮ್ಮ ಅಳಿಯ, ಸೋಫಾ ಮೇಲೆ ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ದ. ಅಂಗಡಿಯಿಂದ ತಂದ ಸೆಟ್ಟಿನಲ್ಲಿ ಸೂರ್ಯನನ್ನು ಬಿಟ್ಟು ಒಂಬತ್ತು ಉಂಡೆ ಇತ್ತು. 2006ರಲ್ಲೇ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟ ಸುದ್ದಿ ಆ ಅಂಗಡಿಗೆ ಇನ್ನೂ ತಲುಪಿಲ್ಲ ಅಂತ ಕಾಣುತ್ತೆ. ರಾತ್ರಿ ಒಂದೂವರೆಗೆ ಮುಗಿಸಿ ಮಲಗಿದ್ವಿ.

ಮೂರು ದಿನ ಬಿಟ್ಟು ಅಳಿಯ ಕುಣಿಯುತ್ತಾ ಬಂದ. 'ಎಕ್ಸಲೆಂಟ್' ಅಂತೆ, ಎರಡು ಸ್ಟಾರ್ ಅಂತೆ. ನಾನು ಸುಮ್ಮನಿರಲಾರದೆ, "ಇದ್ರಲ್ಲಿ ನಾವಿರೋ ಭೂಮಿ ಯಾವ್ದು ತೋರ್ಸು ಪುಟ್ಟ" ಅಂದೆ. ಕೆಂಪು ಉಂಡೆ ತೋರಿಸಿದ. ಅದು ಮಂಗಳ.

ತಪ್ಪು ಅವನದ್ದಲ್ಲ ಬಿಡಿ. ಅವನು ಪಾಪ ನಿದ್ದೆ ಮಾಡ್ತಿದ್ದ.

ಇದನ್ನೇ ನಮ್ಮ ಖಾಸಗಿ ಶಾಲೆಗಳು 'ಆಕ್ಟಿವಿಟಿ ಬೇಸ್ಡ್ ಲರ್ನಿಂಗ್' ಅಂತ ಫ್ಲೆಕ್ಸ್ ಹಾಕಿ ಮಾರ್ತಾ ಇರೋದು. ಒಂದು ವಾರ ಗ್ರಹ, ಮುಂದಿನ ವಾರ ಜ್ವಾಲಾಮುಖಿ, ಅದರ ಮುಂದಿನ ವಾರ 'ಗ್ರೀನ್ ಡೇ'. ಹಸಿರು ಅಂಗಿ ಹಾಕ್ಕೊಂಡು ಹೋಗಿ ಫೋಟೋಗೆ ನಿಂತರೆ ಪರಿಸರ ಪಾಠ ಮುಗೀತು. ಫೋಟೋ ಮಧ್ಯಾಹ್ನಕ್ಕೆ ಅಪ್ಪ ಅಮ್ಮಂದಿರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಎಲ್ಲರೂ ಚಪ್ಪಾಳೆ. ನಮ್ಮ ಆಫೀಸಿನಲ್ಲಿ ಇದಕ್ಕೆ 'ಡೆಮೊ' ಅಂತೀವಿ. ಒಳಗೆ ಕೋಡೇ ಇರಲ್ಲ, ಸ್ಕ್ರೀನ್ ಮಾತ್ರ ಚೆನ್ನಾಗಿರುತ್ತೆ.

ಸೌರವ್ಯೂಹ ಕಲಿಸೋಕೆ ಥರ್ಮಾಕೋಲೇ ಬೇಕಾ? ಭೂಮಿಯನ್ನು 2 ಮಿಲಿಮೀಟರಿನ ಒಂದು ಸಾಸಿವೆ ಕಾಳು ಅಂದ್ಕೊಳ್ಳಿ. ಆಗ ಸೂರ್ಯ ಸುಮಾರು 22 ಸೆಂಟಿಮೀಟರ್, ಅಂದ್ರೆ ಒಂದು ಫುಟ್‌ಬಾಲಿನಷ್ಟು. ಎರಡರ ನಡುವಿನ ದೂರ ಸುಮಾರು 23 ಮೀಟರ್. ಮೈದಾನದ ಒಂದು ಕಡೆ ಚೆಂಡಿಟ್ಟು, ಮಕ್ಕಳ ಕೈಯಲ್ಲೇ ಹೆಜ್ಜೆ ಎಣಿಸಿ, ಆಚೆ ಕಡೆ ಸಾಸಿವೆ ಇಡಿಸಿದ್ರೆ ಸಾಕು. ಖರ್ಚು ಸೊನ್ನೆ. ಆದ್ರೆ ಆ ಮಗು ಸಾಯೋವರೆಗೂ ಅದನ್ನು ಮರೆಯಲ್ಲ. ಫೋಟೋದಲ್ಲಿ ಮಾತ್ರ ಸಾಸಿವೆ ಕಾಣಲ್ಲ, ಅದೇ ತೊಂದರೆ!

ಈಗ ಇನ್ನೊಂದು ಕಥೆ. ದಸರಾ ರಜೆಗೆ ಸ್ವಲ್ಪ ಮುಂಚೆ ಊರಿಗೆ ಹೋಗಿದ್ದೆ. ಚಿಕ್ಕಮ್ಮ ಅಲ್ಲೇ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಕುತೂಹಲಕ್ಕೆ ಒಂದು ದಿನ ಅವರ ಜೊತೆ ಹೋದೆ. ಒಂದರಿಂದ ಮೂರನೇ ತರಗತಿವರೆಗಿನ ಹದಿನಾಲ್ಕು ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ. ತಲೆ ಮೇಲೆ ದಾರ ಕಟ್ಟಿದ 'ಚಪ್ಪರ', ಅದರಲ್ಲಿ ಮಕ್ಕಳು ತಾವೇ ಬರೆದ ಚಿತ್ರಗಳು. ಹಸುವಿಗೆ ಐದು ಕಾಲಿತ್ತು. ಅಂದ್ರೆ ಅದನ್ನು ಅಪ್ಪ ಬರೆದಿಲ್ಲ ಅಂತ ಗ್ಯಾರಂಟಿ. ಗೋಡೆ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ತಾನೇ ನೋಡಿ, ಅದಕ್ಕೆ ತಕ್ಕ ಕಾರ್ಡ್ ತಗೊಂಡು ಹೋಗಿ ಕೂರುತ್ತೆ. ಟೀಚರ್ ಬೇಕಾದೋರು ಟೀಚರ್ ಹತ್ರ, ಗೆಳೆಯರ ಸಹಾಯ ಸಾಕಾದೋರು ಗೆಳೆಯರ ಹತ್ರ.

ಅಕ್ಷರಾನೂ ಅಷ್ಟೆ. ನಾವೆಲ್ಲ ಅ ಆ ಇ ಈ ಅಂತ ಉರು ಹೊಡೆದು, ತಿಂಗಳುಗಟ್ಟಲೆ ಒಂದು ಪದಾನೂ ಓದೋಕೆ ಬರದೆ ಕೂತಿದ್ವಿ. ಇಲ್ಲಿ ಶುರುವಾಗೋದು ರ, ಗ, ಸ, ದ, ಅ ಇಂದ. ಐದೇ ಅಕ್ಷರ. ಅಷ್ಟು ಬಂದ್ರೆ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಒಂದನೇ ತರಗತಿಯ ಹುಡುಗಿಯೊಬ್ಬಳು 'ಗರಗಸ' ಅಂತ ಬೆರಳಿಟ್ಟು ಓದಿ, "ನಮ್ಮಪ್ಪನ ಹತ್ರ ಐತೆ" ಅಂದಳು. ನನ್ನ ಅಳಿಯನ ಎರಡು ಸ್ಟಾರಿಗಿಂತ ಆ ಒಂದು ಮಾತು ದೊಡ್ಡದು.

ಈ ನಲಿಕಲಿ ಯಾವುದೋ ಕನ್ಸಲ್ಟೆಂಟ್ ಪವರ್‌ಪಾಯಿಂಟಿನಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು ಮಾಡಿ ಕಟ್ಟಿದ್ದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನು, ಮಕ್ಕಳು ಚಟುವಟಿಕೆ ಮತ್ತು ಅನ್ವೇಷಣೆ ಮೂಲಕ ಕಲಿಯಬೇಕು ಅನ್ನುತ್ತೆ. ಲಕ್ಷ ರೂಪಾಯಿ ಫೀಸಿನ ಶಾಲೆ ಅದನ್ನು ಫ್ಲೆಕ್ಸಿನಲ್ಲಿ ಹಾಕಿದೆ, ಹದಿನಾಲ್ಕು ಮಕ್ಕಳ ಶಾಲೆ ಮಾಡ್ತಾ ಇದೆ.

"ಹಾಗಾದ್ರೆ ನೀನು ನಿನ್ನ ಮಗೂನ ಅಲ್ಲಿಗೆ ಸೇರಿಸ್ತೀಯಾ?" ಅಂತ ಕೇಳ್ತೀರಿ, ಗೊತ್ತು. ಮೊದಲು ಮದುವೆ ಆಗಲಿ ಅಂತ ತಮಾಷೆ ಮಾಡಿ ಜಾರಿಕೊಳ್ಳಬಹುದು. ಜಾರಿಕೊಳ್ಳಲ್ಲ. ನನಗೂ ಧೈರ್ಯ ಕಮ್ಮಿ. ಚಿಕ್ಕಮ್ಮನ ಕಷ್ಟಾನೂ ನೋಡಿದೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ದಿನಕ್ಕೊಂದು ಮೀಟಿಂಗು. "ಈಗ ನಮಗೂ ಫೋಟೋ ಹಾಕಿ ಹಾಕಿ ಅಂತಾರೆ ಕಣಪ್ಪ. ಪಾಠ ಮಾಡೋದೋ, ಫೋಟೋ ತೆಗೆಯೋದೋ?" ಅಂದ್ರು. ಖಾಸಗಿ ಶಾಲೆಯ ರೋಗ ಅಲ್ಲಿಗೂ ಹತ್ತುತ್ತಾ ಇದೆ. ಊರಿನವರು ಬೇರೆ, "ಅಲ್ಲೇನ್ ಕಲಿಸ್ತಾರೆ, ಬರೀ ಆಟ ಆಡಿಸ್ತಾರೆ" ಅಂತ ಮಕ್ಕಳನ್ನ ಹಳದಿ ವ್ಯಾನು ಹತ್ತಿಸ್ತಾರೆ. ಮುಂದಿನ ವರ್ಷ ಹದಿನಾಲ್ಕು ಹತ್ತಾಗಬಹುದು.

ಆದ್ರೂ ನಾನ್ಯಾಕೆ ಇಷ್ಟು ಉರ್ಕೊಂಡು ಬರೀತಿದ್ದೀನಿ ಅಂದ್ರೆ, ಈ ಥರ್ಮಾಕೋಲ್ ದಾರಿ ಎಲ್ಲಿಗೆ ಹೋಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಎಂಜಿನಿಯರಿಂಗ್ ಕೊನೇ ವರ್ಷ ನಾವು ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಸೆಂಟರಿಗೆ ದುಡ್ಡು ಕೊಟ್ಟು ಪ್ರಾಜೆಕ್ಟ್ ಕೊಂಡ್ಕೊಂಡ್ವಿ. ರಿಪೋರ್ಟಿಗೆ ಬೈಂಡಿಂಗ್ ಕೂಡ ಅವರದ್ದೇ. ವೈವಾದಲ್ಲಿ ಉರು ಹೊಡೆದದ್ದು ಒಪ್ಪಿಸಿ ಒಳ್ಳೇ ಮಾರ್ಕ್ಸ್ ತಗೊಂಡ್ವಿ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು, ಮೀಟಿಂಗಿನಲ್ಲಿ ಯಾರಾದ್ರೂ "ಇದು ಹೇಗೆ ಕೆಲಸ ಮಾಡುತ್ತೆ?" ಅಂತ ಕೇಳಿದ್ರೆ ಎದೆ ಡವಡವ ಅಂತಿತ್ತು. ನಾನೂ ಆಗ ಕೆಂಪು ಉಂಡೆ ತೋರಿಸಿ ಭೂಮಿ ಅಂದವನೇ. ಇನ್ನೊಬ್ಬರು ಮಾಡಿಕೊಟ್ಟದ್ದಕ್ಕೆ ನಮ್ಮ ಹೆಸರು ಅಂಟಿಸಿಕೊಳ್ಳೋ ಪಾಠ ಎರಡನೇ ಕ್ಲಾಸಿನಲ್ಲೇ ಶುರುವಾಗುತ್ತೆ ಸ್ವಾಮಿ, ಅದೂ ಅಪ್ಪ ಅಮ್ಮನ ಕೈಯಿಂದಲೇ, ಮಾವನ ಸಹಾಯದಿಂದ.

ಅಕ್ಕನಿಗೆ ಹೇಳಿದ್ದೀನಿ: ಮುಂದಿನ ಪ್ರಾಜೆಕ್ಟಿಗೆ ನಾನು ಬರಲ್ಲ, ನೀನೂ ಮಾಡಬೇಡ. ಅವನೇ ಮಾಡಲಿ. ಸೊಟ್ಟಗಿದ್ರೆ ಸೊಟ್ಟಗೇ ಹೋಗಲಿ. ಸ್ಟಾರ್ ಬರದಿದ್ರೆ ಮಿಸ್ ಹತ್ರ ನಾನೇ ಬಂದು ಮಾತಾಡ್ತೀನಿ. ಅಕ್ಕ, "ಎಲ್ಲರೂ ಮಾಡಿಕೊಡ್ತಾರೆ, ನಮ್ಮವನೊಬ್ಬನೇ ಪೆಚ್ಚಾಗ್ತಾನೆ ಕಣೋ" ಅಂದಳು. ಅದೂ ನಿಜವೇ. ಅದಕ್ಕೇ ಒಬ್ಬರು ಬಿಟ್ರೆ ಸಾಲದು, ನಾಲ್ಕು ಮನೆಯವರು ಸೇರಿ ಬಿಡಬೇಕು. ಮನೆಗೆ ಕಳಿಸೋ ಪ್ರಾಜೆಕ್ಟನ್ನು ಶಾಲೆಯಲ್ಲೇ, ಮಕ್ಕಳ ಕೈಯಿಂದಲೇ ಮಾಡಿಸಿ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಬಾಯಿ ಬಿಟ್ಟು ಕೇಳಬೇಕು. ಅಷ್ಟು ಫೀಸು ಕಟ್ಟೋರು ಅಷ್ಟೂ ಕೇಳಬಾರದಾ?

ಮೊನ್ನೆ ಅಳಿಯ ಒಂದು ಹಸು ಬರೆದು ತಂದು ತೋರಿಸಿದ. ಮೂರೇ ಕಾಲು. "ಇನ್ನೊಂದು ಎಲ್ಲೋ?" ಅಂದೆ. "ಹಿಂದ್ಗಡೆ ಇದೆ ಮಾವ, ಕಾಣಲ್ಲ" ಅಂದ. ಪರವಾಗಿಲ್ಲ, ಹುಡುಗ ಇನ್ನೂ ಕೈ ತಪ್ಪಿಲ್ಲ.