ನ್ಯಾಯಾಧೀಶರನ್ನೇ ಬಂಧಿಸಿದ ಮಾಜಿ ನ್ಯಾಯಾಧೀಶ

1815ರ ಮಾರ್ಚ್ 31ರಂದು ನ್ಯೂ ಆರ್ಲಿಯನ್ಸಿನ ಫೆಡರಲ್ ನ್ಯಾಯಾಲಯ ಮೇಜರ್ ಜನರಲ್ ಆಂಡ್ರ್ಯೂ ಜಾಕ್ಸನ್ ಅವರಿಗೆ ನ್ಯಾಯಾಂಗ ನಿಂದನೆಗಾಗಿ 1,000 ಡಾಲರ್ ದಂಡ ವಿಧಿಸಿತು. ಅದೇ ನಗರವನ್ನು ಬ್ರಿಟಿಷರಿಂದ ಉಳಿಸಿಕೊಟ್ಟು ಅವರಿಗೆ ಮೂರು ತಿಂಗಳೂ ಆಗಿರಲಿಲ್ಲ. ದಂಡ ಕಟ್ಟಿದ ಜಾಕ್ಸನ್, ಕೆರಳಿ ನಿಂತಿದ್ದ ಜನರಿಗೆ ಕಾನೂನಿಗೆ ತಲೆಬಾಗಿ ಎಂದರು. ಜನ ಕೂಡಿಸಿದ ವಂತಿಗೆಯನ್ನೂ ಮುಟ್ಟದೆ, ಮಡಿದ ಸೈನಿಕರ ಕುಟುಂಬಗಳಿಗೆ ಕೊಡಿ ಎಂದರು. ಅಮೆರಿಕದಲ್ಲಿ ಈ ಪ್ರಸಂಗವನ್ನು ಕಾನೂನಿನ ಗೆಲುವೆಂದು ಬಣ್ಣಿಸುವವರು ಬಹಳ. ಅವರು ಕತೆಯ ಕೊನೆಯ ಪುಟವನ್ನಷ್ಟೇ ಓದುತ್ತಾರೆ ಎಂಬುದು ನನ್ನ ತಕರಾರು.

ಜಾಕ್ಸನ್ ಕಾನೂನು ಅರಿಯದ ಸಿಪಾಯಿಯಾಗಿರಲಿಲ್ಲ. 1787ರಲ್ಲಿ ವಕೀಲಿಕೆಯ ಪರವಾನಗಿ ಪಡೆದು, ಮರುವರ್ಷ ಸರ್ಕಾರಿ ಅಭಿಯೋಜಕರಾಗಿ ನ್ಯಾಶ್‌ವಿಲ್‌ಗೆ ಬಂದವರು. 1798ರಿಂದ 1804ರವರೆಗೆ ಟೆನೆಸ್ಸೀ ರಾಜ್ಯದ ಉನ್ನತ ನ್ಯಾಯಾಲಯದಲ್ಲಿ ನ್ಯಾಯಾಧೀಶರು. ವರ್ಷಕ್ಕೆ ಸಂಬಳ 600 ಡಾಲರ್. ಆ ಪೀಠದಲ್ಲಿರುವಾಗಲೇ, 1802ರಲ್ಲಿ, ರಾಜ್ಯದ ಮಿಲಿಷಿಯಾಕ್ಕೆ ಮೇಜರ್ ಜನರಲ್ ಆಗಿ ಆಯ್ಕೆಯಾದರು. ಪ್ರತಿಸ್ಪರ್ಧಿ ಜಾನ್ ಸೆವಿಯರ್ ಅವರಿಗೂ ಇವರಿಗೂ ಸಮ ಮತ ಬಿದ್ದು, ಗವರ್ನರ್ ರೋನ್ ಅವರ ಮತ ಇವರ ಕೈಹಿಡಿಯಿತು. ಯುದ್ಧದಲ್ಲಿ ಪಡೆ ನಡೆಸಿದ ಅನುಭವ ಆಗ ಅವರಿಗಿರಲಿಲ್ಲ. ಎರಡು ವರ್ಷ ಒಬ್ಬರೇ ವ್ಯಕ್ತಿ ತೀರ್ಪನ್ನೂ ಕೊಟ್ಟರು, ಸೇನಾಧಿಕಾರವನ್ನೂ ಹೊಂದಿದ್ದರು. ಹೊಸದಾಗಿ ನೆಲೆಗೊಳ್ಳುತ್ತಿದ್ದ ಆ ಗಡಿನಾಡಿಗೆ ಅದು ವಿಚಿತ್ರವಾಗಿಯೂ ಕಾಣಲಿಲ್ಲ.

1814ರ ಡಿಸೆಂಬರ್ 14ರಂದು ಬೋರ್ನ್ ಸರೋವರದಲ್ಲಿ ಅಮೆರಿಕದ ಗನ್‌ಬೋಟುಗಳು ಸೋತವು. ಎರಡೇ ದಿನದಲ್ಲಿ ಜಾಕ್ಸನ್ ನ್ಯೂ ಆರ್ಲಿಯನ್ಸಿನಲ್ಲಿ ಸೇನಾಡಳಿತ ಘೋಷಿಸಿದರು. ಶತ್ರು ಬಾಗಿಲಿಗೆ ಬಂದಿದ್ದ. ಆ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ತಪ್ಪು ಆಮೇಲಿನದು. ಜನವರಿ 8ರ ಗೆಲುವಿನ ನಂತರ ಬ್ರಿಟಿಷರು ಹಿಂದೆ ಸರಿದರು. ಫೆಬ್ರುವರಿಯಲ್ಲಿ ಶಾಂತಿ ಒಪ್ಪಂದದ ಸುದ್ದಿಯೂ ಬಂತು. ಅಧಿಕೃತ ಪತ್ರ ಕೈಸೇರಿಲ್ಲ ಎಂದು ಜಾಕ್ಸನ್ ಸೇನಾಡಳಿತವನ್ನು ಎತ್ತಲಿಲ್ಲ. ಸೇನಾ ಸೇವೆ ಬಿಟ್ಟು ಮನೆಗೆ ಮರಳಲು ಬಯಸಿದ ಫ್ರೆಂಚ್ ಮೂಲದವರು ಫ್ರೆಂಚ್ ಕಾನ್ಸಲ್ ಕಚೇರಿಯಿಂದ ಪೌರತ್ವ ಪತ್ರ ತಂದಾಗ, ಅಂಥವರು ನಗರ ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದರು.

ಇದನ್ನು ಖಂಡಿಸಿ ಶಾಸಕ ಲೂಯಿ ಲುವಾಯೆ ಪತ್ರಿಕೆಯೊಂದರಲ್ಲಿ ಬರೆದರು. ಬರೆದದ್ದಕ್ಕೆ ಬಂಧನ. ಫೆಡರಲ್ ನ್ಯಾಯಾಧೀಶ ಡೊಮಿನಿಕ್ ಹಾಲ್, ಬಂಧಿತರನ್ನು ತಮ್ಮ ಮುಂದೆ ಹಾಜರುಪಡಿಸುವಂತೆ ಹೇಬಿಯಸ್ ಕಾರ್ಪಸ್ ಆದೇಶ ಕೊಟ್ಟರು. ಜಾಕ್ಸನ್ ಹಾಲ್ ಅವರನ್ನೂ ಬಂಧಿಸಿದರು! ಇನ್ನೂ ಕಳವಳ ಹುಟ್ಟಿಸುವ ಸಂಗತಿಯೆಂದರೆ, ಜಾಕ್ಸನ್ ತಾವೇ ಕೂಡಿಸಿದ ಸೇನಾ ನ್ಯಾಯಾಲಯ ಲುವಾಯೆ ನಿರ್ದೋಷಿ ಎಂದಿತು. ಆ ತೀರ್ಪನ್ನೂ ತಳ್ಳಿಹಾಕಿ ಅವರನ್ನು ಸೆರೆಯಲ್ಲೇ ಇಟ್ಟರು. ಹಾಲ್ ಅವರನ್ನು ನಗರದ ಗಡಿಯಾಚೆ ಬಿಟ್ಟುಬರಲಾಯಿತು. ಮಾರ್ಚ್ 13ರಂದು ಅಧಿಕೃತ ಸುದ್ದಿ ಬಂದ ಮೇಲೆಯೇ ಸೇನಾಡಳಿತ ಮುಗಿದದ್ದು. ಹಿಂದಿರುಗಿದ ಹಾಲ್, ಇಡೀ ನಗರ ಹೊತ್ತು ಮೆರೆಸುತ್ತಿದ್ದ ಜನರಲ್‌ಗೆ ಸಮನ್ಸ್ ಕಳಿಸಿದರು. ಅಂದಿನ ಧೈರ್ಯ ಯಾರದೆಂದು ಕೇಳಿದರೆ ನಾನು ಹಾಲ್ ಅವರ ಹೆಸರನ್ನೇ ಹೇಳುತ್ತೇನೆ.

ಜಾಕ್ಸನ್ ನಿಜವಾಗಿ ಪಾಠ ಕಲಿತಿದ್ದರೆ ಅದು ಮೂರು ವರ್ಷಗಳ ನಂತರ ಫ್ಲಾರಿಡಾದಲ್ಲಿ ಕಾಣಬೇಕಿತ್ತು. 1818ರಲ್ಲಿ ಅಲ್ಲಿ ಸೆರೆಸಿಕ್ಕ ಬ್ರಿಟಿಷ್ ಪ್ರಜೆ ರಾಬರ್ಟ್ ಆಂಬ್ರಿಸ್ಟರ್‌ಗೆ ಸೇನಾ ನ್ಯಾಯಾಲಯ ಮರಣದಂಡನೆಯನ್ನು ಇಳಿಸಿ, 50 ಛಡಿಯೇಟು ಮತ್ತು ಒಂದು ವರ್ಷದ ಕಠಿಣ ದುಡಿಮೆ ವಿಧಿಸಿತು. ಜಾಕ್ಸನ್ ಅದನ್ನು ರದ್ದುಮಾಡಿ ಗುಂಡಿಕ್ಕಿಸಿದರು. ಆರು ವರ್ಷ ನ್ಯಾಯಪೀಠದಲ್ಲಿ ಕುಳಿತವರು ತೀರ್ಪೆಂದರೇನು, ಅದನ್ನು ಮೀರುವುದೆಂದರೇನು ಎಂದು ತಿಳಿದೇ ಹೀಗೆ ಮಾಡಿದರು. ಸೇನೆಯಲ್ಲೇ ಬೆಳೆದ ಅಧಿಕಾರಿಗೆ ಸಿಗಬಹುದಾದ ರಿಯಾಯಿತಿ ಆದ್ದರಿಂದಲೇ ಅವರಿಗೆ ಸಲ್ಲದು.

ದಂಡದ ಕತೆಯೂ 1815ಕ್ಕೆ ನಿಲ್ಲಲಿಲ್ಲ. ಎರಡು ಅವಧಿ ಅಧ್ಯಕ್ಷರಾಗಿ ನಿವೃತ್ತರಾಗಿದ್ದ ಜಾಕ್ಸನ್‌ಗೆ 1844ರಲ್ಲಿ ಅಮೆರಿಕದ ಕಾಂಗ್ರೆಸ್ ಆ ಮೊತ್ತವನ್ನು ಬಡ್ಡಿಸಮೇತ ಮರಳಿಸಿತು. ತೀರ್ಪು ಕೊಟ್ಟ ಹಾಲ್ 1820ರಲ್ಲೇ ತೀರಿಕೊಂಡಿದ್ದರು. ಜನಪ್ರಿಯ ನಾಯಕನಿಗಾಗಿ ನ್ಯಾಯಾಲಯದ ಮಾತನ್ನು ಹೀಗೆ ಅಳಿಸಿದ್ದರ ಫಲ ಮುಂದೆ ಕಂಡಿತು. 1863ರಲ್ಲಿ, ಅಂತರ್ಯುದ್ಧದ ನಡುವೆ, ಸೇನಾ ಬಂಧನಗಳನ್ನು ಸಮರ್ಥಿಸಿ ಬರೆದ ಪತ್ರದಲ್ಲಿ ಅಬ್ರಹಾಂ ಲಿಂಕನ್ ಇದೇ ಲುವಾಯೆ–ಹಾಲ್ ಪ್ರಸಂಗವನ್ನು, ದಂಡ ಮರಳಿಸಿದ್ದನ್ನೂ ಸೇರಿಸಿ, ಪೂರ್ವನಿದರ್ಶನವಾಗಿ ಮುಂದಿಟ್ಟರು. ನಾಗರಿಕ ನ್ಯಾಯಾಲಯಗಳು ತೆರೆದಿರುವ ಕಡೆ ನಾಗರಿಕರನ್ನು ಸೇನಾ ನ್ಯಾಯಮಂಡಳಿ ವಿಚಾರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 1866ರಲ್ಲಿ, ಮಿಲಿಗನ್ ಪ್ರಕರಣದಲ್ಲಿ. ಹಾಲ್ ಅವರ ಬಂಧನವಾಗಿ ಅಷ್ಟರಲ್ಲಿ 51 ವರ್ಷ ಕಳೆದಿತ್ತು.