ಕೋವಿ ನಳಿಗೆಗೆ ಮೊದಲು ಬಿಸಿನೀರು, ಆಮೇಲೆ ಎಣ್ಣೆ

ವಾರವಿಡೀ ದೊಡ್ಡನೆಕ್ಕುಂದಿಯಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಕೊಡಗಿನದೋ ಮಲೆನಾಡಿನದೋ ತೋಟ. ನಮ್ಮಲ್ಲಿ ಇಂಥವರು ಸುಮಾರು ಜನ. ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದ ಕೇಪಿನ ಕೋವಿ. ಹಂದಿ ಓಡಿಸೋಕೆ ಒಂದು ಸಲ ಹಾರಿಸಿದ ಮೇಲೆ ನಳಿಗೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ತೂಗುಹಾಕ್ತಾರೆ. ಕೋವಿ ಹಾಳಾಗೋದು ಇಲ್ಲೇ ಅನ್ನೋದು ನನ್ನ ವಾದ.

ಕರಿಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, ಅಂದ್ರೆ ನಾವು ಡ್ರಿಪ್‌ನಲ್ಲಿ ಬಿಡೋ 13-0-45. ಉಳಿದದ್ದು ಇದ್ದಿಲು, ಗಂಧಕ. ಉರಿದ ಮೇಲೆ ನಳಿಗೆಯಲ್ಲಿ ಪೊಟ್ಯಾಷ್ ಉಪ್ಪುಗಳು ಉಳೀತವೆ. ಹಳೇ ಕೇಪು, ಹಳೇ ತೋಟಾಗಳಲ್ಲಿದ್ದ ಪೊಟ್ಯಾಷಿಯಂ ಕ್ಲೋರೇಟ್ ಸಿಡಿದು ಪೊಟ್ಯಾಷಿಯಂ ಕ್ಲೋರೈಡ್ ಆಗುತ್ತೆ. ಅದು ನಾವು ಅಡಿಕೆಗೆ ಹಾಕೋ ಎಂಒಪಿನೇ! ಬಾಯಿ ಬಿಚ್ಚಿದ ಪೊಟ್ಯಾಷ್ ಚೀಲ ಮಳೆಗಾಲದಲ್ಲಿ ಹೇಗೆ ಒದ್ದೆಯಾಗುತ್ತೆ, ಪಕ್ಕದ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತೆ ಅಂತ ನಿಮಗೆ ಗೊತ್ತು. ನಳಿಗೆಯೊಳಗೂ ಅದೇ ಕಥೆ.

"ಕಬ್ಬಿಣಕ್ಕೆ ನೀರು ಹಾಕೋದಾ?" ಅಂತ ಹಿರಿಯರು ಕೇಳ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ಸೀಮೆಎಣ್ಣೆಯಲ್ಲೂ ಕರಗಲ್ಲ, ನೀರಲ್ಲೇ ಕರಗಬೇಕು. ತೊಳೆಯದೆ ಎಣ್ಣೆ ಹಚ್ಚಿದರೆ ಉಪ್ಪು ಅಡಿಯಲ್ಲೇ ಉಳಿಯುತ್ತೆ. ಬೋರ್ಡೋ ಹೊಡೆದ ಸ್ಪ್ರೇಯರನ್ನ ತೊಳೆಯದೆ ಇಡ್ತೀರಾ?

ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಇದನ್ನ ಮಾಡಲಿ. ಮೊದಲು ಕೇಪು ತೆಗೆದು, ಒಳಗೆ ಮದ್ದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಡ್ಡಿ ನಳಿಗೆಯ ತಳದ ತನಕ ಇಳಿಯಬೇಕು. ಆಮೇಲೆ ಚೆನ್ನಾಗಿ ಕಾದ ನೀರು ಹಾಕಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಉಜ್ಜಿ; ಮಸಿ ಹೋಗಿ ನೀರು ತಿಳಿಯಾಗುವ ತನಕ ಬಿಡಬೇಡಿ. ಕೇಪು ಕೂರುವ ತೂತೂ ತೊಳೆಯಬೇಕು. ಬಿಸಿನೀರಿಂದ ನಳಿಗೆಯೂ ಬಿಸಿಯಾಗಿರೋದ್ರಿಂದ ಬೇಗ ಆರುತ್ತೆ. ಒಣಬಟ್ಟೆ ಎಳೆದು, ಆಮೇಲಷ್ಟೇ ತೆಳುವಾಗಿ ಎಣ್ಣೆ. ಮಾರನೇ ದಿನ ಬಿಳಿ ಬಟ್ಟೆ ಎಳೆದು ನೋಡಿ. ಕೆಂಪು ಬಣ್ಣ ಬಂದರೆ ಮತ್ತೆ ತೊಳೆಯಿರಿ.

ಹಾರಿಸಿದ ದಿನವೇ ಈ ಕೆಲಸ ಮುಗಿಯಬೇಕು, ಮುಂದಿನ ಶನಿವಾರಕ್ಕೆ ಬೇಡ. ಚುನಾವಣೆಗೆ ಕೋವಿಯನ್ನ ಠಾಣೆಗೆ ಜಮಾ ಮಾಡೋ ಮುಂಚೆಯೂ ಅಷ್ಟೇ. ತೊಳೆಯದೆ ಕೊಟ್ಟರೆ ಅಲ್ಲಿರುವಷ್ಟು ದಿನವೂ ತುಕ್ಕು ತಿಂತಾನೇ ಇರುತ್ತೆ. ಒಳಗೆ ಗುಳಿ ಬಿದ್ದು ಸವೆದ ನಳಿಗೆ ಹಾರಿಸುವವರ ಮುಖದ ಹತ್ತಿರವೇ ಸಿಡಿಯಬಹುದು. ಅಂಥದ್ದನ್ನ ಪರಿಣತರಿಗೆ ತೋರಿಸದೆ ಮುಟ್ಟಬೇಡಿ.

ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೀವಿ, ಒಳ್ಳೇದೇ. ಆದರೆ ಕೋವಿಗೆ ನಿಜವಾದ ಮರ್ಯಾದೆ ಸಿಗೋದು ಹಾರಿಸಿದ ಸಂಜೆ, ಒಂದು ಕೆಟಲ್ ಬಿಸಿನೀರಿನಲ್ಲಿ.