ನೆನೆದ ಹಲಗೆ, ಸಡಿಲಿದ ಮೂಲೆ

ಪಂಢರಪುರದ ಆಷಾಢ ವಾರಿಗೆಂದು ನಮ್ಮ ನೆರೆಮನೆಯವರು ಟ್ರ್ಯಾಕ್ಟರಿನ ಟ್ರಾಲಿಗೆ ಪ್ಲೈವುಡ್ಡಿನ ಗೋಡೆ ಕಟ್ಟಿ, ಮೇಲೆ ತಗಡು ಹೊದಿಸಿದ್ದರು. ರಾತ್ರಿ ಅದರೊಳಗೆ ಮಲಗುವವರು ಮನೆಯ ವೃದ್ಧರು. ಮರಳಿ ಬಂದಾಗ ಹಿಂದಿನ ಮೂಲೆ ಅಲುಗುತ್ತಿತ್ತು. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಹಲಗೆ ಉಬ್ಬಿ ಪದರ ಬಿಟ್ಟಿತ್ತು. ಯಜಮಾನರು ಉದ್ದನೆಯ ಮೊಳೆ ಹಿಡಿದು ನಿಂತಿದ್ದರು, ನಾನು ತಡೆದೆ.

ಪ್ಲೈವುಡ್ ಎಂದರೆ ಮರದ ತೆಳುವಾದ ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದ ಹಲಗೆ. ನೀರು ಹೆಚ್ಚಾಗಿ ನುಗ್ಗುವುದು ಅದರ ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಮೆತ್ತಗಾದ ಮರದಲ್ಲಿ ಮೊಳೆಗೆ ಹಿಡಿತವೆಲ್ಲಿ?

ಮೊದಲು ನೀರಿನ ದಾರಿ ಹುಡುಕಿದೆವು: ತಗಡಿನ ಸಂದು. ಅದನ್ನು ಮುಚ್ಚಿ, ಹಲಗೆಯನ್ನು ನೆರಳುಗಾಳಿಯಲ್ಲಿ ದಿನಗಟ್ಟಲೆ ಒಣಗಿಸಿದೆವು. (ಅವಸರ ನನ್ನ ವಿದ್ಯಾರ್ಥಿಗಳಿಗಿಂತ ಯಜಮಾನರಿಗೇ ಹೆಚ್ಚು!) ಬಳಿಕ ದಬ್ಬಣದಿಂದ ಚುಚ್ಚಿ ನೋಡಿದೆವು. ಪದರ ಬಿಟ್ಟಿದ್ದರೂ ಗಟ್ಟಿಯಾಗಿದ್ದ ಕಡೆ ನೀರು ತಾಳುವ ಎಪಾಕ್ಸಿ ಅಂಟು ತುಂಬಿ, ಎರಡು ಪಟ್ಟಿಗಳ ನಡುವೆ ರಾತ್ರಿಯಿಡೀ ಬಿಗಿದಿಟ್ಟೆವು. ದಬ್ಬಣ ಸಲೀಸಾಗಿ ಇಳಿದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು, ಹಿಂದೆ ಪಟ್ಟಿ ಕೊಟ್ಟು ಹೊಸ ತುಂಡು ಕೂಡಿಸಿದೆವು. ಹೊಸ ಹಲಗೆ ಕೊಳ್ಳುವವರು ಅದರ ಮೇಲೆ ಐಎಸ್ 710 ಎಂಬ ಮುದ್ರೆಯನ್ನು ನೋಡಿ ಕೊಳ್ಳಬೇಕು. ಅದು ನೀರಿನ ಸಂಪರ್ಕಕ್ಕಾಗಿಯೇ ಮಾಡಿದ ಹಲಗೆ. ಕೊಯ್ದ ಅಂಚಿಗೂ ಸ್ಕ್ರೂ ತೂತುಗಳಿಗೂ ಎಪಾಕ್ಸಿ ಬಳಿಯಬೇಕು.

ಮೂಲೆಯ ಒಳಗೆ ಸಾಗವಾನಿಯ ನೆಟ್ಟಗಿನ ಪಟ್ಟಿ ನಿಲ್ಲಿಸಿ, ಎರಡೂ ಗೋಡೆಗಳನ್ನು ಅದಕ್ಕೆ ಬೋಲ್ಟಿನಿಂದ ಬಿಗಿದೆವು. ಕಡೆಗೆ ತಗಡಿನ ಮೇಲೆ ಎರಡು ಕೊಡ ನೀರು ಸುರಿದೆವು. ಒಳಗೆ ಕುಳಿತಿದ್ದ ಅಜ್ಜಿ ಮೂಲೆಯನ್ನು ಸವರಿ ನೋಡಿ ಕೂಗಿದರು: “ಒಣಾನೇ ಅದ್ರಿ ಮಾಸ್ತರ!”